ಚಾಡಿ ಕೇಳುವ ಗಿಟಾರು

ಎಲ್ಲರಿಗಿಂತ ಎತ್ತರದ ಕುರ್ಚಿಯಲ್ಲಿ ಕುಳಿತಿರುವ ಅಧ್ಯಕ್ಷರೂ ನಮ್ಮ ಪ್ರಾಚಾರ್ಯರೂ ಆದ ವಿಶ್ವಾರಾಧ್ಯ ಸರ್ ಅವರೇ, ಈ ಬಿಸಿಲಿನಲ್ಲೂ ಸನ್ಮಾನದ ಶಾಲು ಹೊದ್ದು ಬೆವರುತ್ತಿರುವ ಸೌಂಡ್ ಕಾಂತೇಶಣ್ಣನವರೇ, ಸುರಪುರದಿಂದಲೂ ದೇವಾಪುರದಿಂದಲೂ, ಊಟ ಉಂಟೆಂಬ ಖಚಿತ ಮಾಹಿತಿಯ ಮೇರೆಗೆ ಶಹಾಪುರದಿಂದಲೂ ಬಂದಿರುವ ಸಭಿಕರೇ,

ನಾನು ಬೀರೇಶ, ಬಿ.ಎ. ಕೊನೆಯ ವರ್ಷ. ಇಪ್ಪತ್ತು ವರ್ಷಗಳಿಂದ ನಮ್ಮ ಕಾಲೇಜಿನ ಸಮಾರಂಭಗಳಿಗೆ ಮೈಕು, ಸ್ಪೀಕರಿನ ಡಬ್ಬಿ ಕಟ್ಟುತ್ತ ಬಂದ ಕಾಂತೇಶಣ್ಣನ ಬಗ್ಗೆ ಐದು ನಿಮಿಷ ಒಳ್ಳೆಯ ಮಾತಾಡಿ, ಆಮೇಲೆ ಗಿಟಾರು ನುಡಿಸಿ ಕೆಳಗಿಳಿಯಬೇಕೆಂದು ನನಗೆ ಅಪ್ಪಣೆಯಾಗಿದೆ. ಆದರೆ ಮಹನೀಯರೇ, ತನಿಖೆಯಿಲ್ಲದೆ ಅಭಿನಂದನೆ ಮಾಡಬಹುದೇ? ನಾನು ಯಾರನ್ನೂ ಸುಮ್ಮನೆ ನಂಬುವವನಲ್ಲ.

ಹತ್ತು ದಿನಗಳ ಹಿಂದೆ ಇದೇ ವೇದಿಕೆಯ ಮೇಲೆ ತಾಲೀಮು ನಡೆಯಿತು. ಗಿಟಾರಿಗೆ ವೈರು ಚುಚ್ಚಿದರು. ಮೇಲಿನಿಂದ ಎರಡನೆಯ ದಪ್ಪ ತಂತಿಯನ್ನು ಮೀಟಿದೆ. ಗೂಂ ಎಂದಿತು. ಕೈ ತೆಗೆದೆ. ಗೂಂ ನಿಲ್ಲಲಿಲ್ಲ. ಕೋಣ ಗೊರಕೆ ಹೊಡೆದ ಹಾಗೆ ಬೆಳೆಯುತ್ತಲೇ ಹೋಯಿತು. ಕಿಟಕಿಯ ಗಾಜು ನಡುಗಿತು. ತಾಲೀಮಿಗೆ ಬಂದವರೆಲ್ಲ ತಿರುಗಿ ನೋಡಿದ್ದು ಯಾರನ್ನು? ನನ್ನನ್ನು! ಹೋದ ವರ್ಷ ಪ್ರಾಚಾರ್ಯರ ಕುರ್ಚಿಯ ಅಡಿಗೆ ಯಾರೋ ಗೆಜ್ಜೆ ಕಟ್ಟಿದ್ದರು. ಆ ಯಾರೋ ನಾನೇ ಎಂಬ ಸಂಶಯ ಇಂದಿಗೂ ಕಾಲೇಜಿನಲ್ಲಿದೆ. ಇರಲಿ.

ಆದ್ದರಿಂದ ನಾನೇ ತನಿಖೆಗೆ ಇಳಿದೆ. ಮೊದಲ ಸಂಶಯ ಈ ವೇದಿಕೆಯ ಮೇಲೆ. ನೋಡುವುದಕ್ಕೆ ವೇದಿಕೆ, ಜಮಖಾನೆ ಎತ್ತಿದರೆ ನಲವತ್ತು ಡೆಸ್ಕು, ಅದರ ಮೇಲೆ ಹಲಗೆ, ಒಳಗೆಲ್ಲ ಟೊಳ್ಳು. ಅಡಿಗೆ ತೆವಳಿ ನೋಡಿದೆ. ಒಂದೇ ಒಂದು ಚಪ್ಪಲಿ ಸಿಕ್ಕಿತು. ಅದರ ಮೇಲೂ ನನಗೆ ಸಂಶಯವಿದೆ. ಎರಡನೆಯ ಸಂಶಯ ಸಾಕ್ಷಾತ್ ಕಾಂತೇಶಣ್ಣನ ಮೇಲೆ. ಇಪ್ಪತ್ತು ವರ್ಷಗಳಲ್ಲಿ ಈತ ಒಮ್ಮೆಯೂ ಗಾಬರಿಯಾದದ್ದನ್ನು ಕಂಡವರಿಲ್ಲ. ಗಾಬರಿಯಾಗದ ಮನುಷ್ಯನನ್ನು ನಂಬುವುದು ಹೇಗೆ?

ಆತ ಬೀಡಿ ಆರಿಸಿ, ಗಿಟಾರಿನ ತೂತಿನೊಳಗೆ ಇಣುಕಿ, ಹೇಳಿದ ಮಾತು ಇದು:

"ತಮ್ಮಾ, ನಿನ್ನ ಗಿಟಾರಿಗಿ ಚಾಡಿ ಕೇಳೋ ಚಟ ಐತಿ. ಎದುರಿನ ಡಬ್ಬಿ ಏನಂತೈತಿ ಅಂತ ಈ ತೂತಿನಾಗ ಕೇಳ್ತೈತಿ. ಕೇಳಿದ್ದನ್ನ ಹೊಟ್ಟ್ಯಾಗ ಇಟಗೊಳ್ಳಂಗಿಲ್ಲ, ವೈರಿನಾಗ ಹಾಯ್ಸಿ ಮತ್ತ ಡಬ್ಬಿಗೇ ಹೇಳ್ತೈತಿ. ಡಬ್ಬಿ ಇನ್ನಷ್ಟು ಜೋರಾಗಿ ಒದರ್ತೈತಿ. ಊರಾಗ ಜಗಳ ಬೆಳೆಯೂದು ಹಿಂಗೇ ಅಲ್ಲೇನು?"

"ಮತ್ತ ಏನ್ ಮಾಡೂದಣ್ಣಾ?"

"ಡಬ್ಬಿ ಅತ್ಲಾಗ ತಿರುವು. ದಪ್ಪ ದನೀದು, ಬೇಸಿನ ತಿರುಪು ಇಳಿಸು. ಇಷ್ಟಕ್ಕೂ ಸುಮ್ಮನಾಗದಿದ್ರ ತೂತು ಮುಚ್ಚು."

ಮೊದಲ ಎರಡು ಇಷ್ಟು ಸುಲಭವಾಗಿದ್ದವೆಂದೇ ನನಗೆ ಅವುಗಳ ಮೇಲೆ ಸಂಶಯ ಬಂತು. ಮಾಡಿ ನೋಡಲೇ ಇಲ್ಲ. ನೇರವಾಗಿ ತೂತಿಗೆ ಕೈ ಹಾಕಿದೆ. ಕಡಕ್ ರೊಟ್ಟಿಯಿಂದ ಮುಚ್ಚಿದೆ; ಪಲ್ಲವಿ ಮುಗಿಯುವ ಮೊದಲೇ ಮುರಿದು ಒಳಗೆ ಬಿತ್ತು. ಇಂದಿಗೂ ಗಿಟಾರು ಬೋರಲು ಹಾಕಿದರೆ ಚೂರು ಉದುರುತ್ತವೆ. ಕೊನೆಗೆ ಒಂದು ದಪ್ಪನೆಯ, ಬೆಚ್ಚನೆಯ ವಸ್ತು ದೊರಕಿತು. ಗಿಟಾರು ತೆಪ್ಪಗಾಯಿತು. ಅದು ಎಲ್ಲಿಂದ ದೊರಕಿತೆಂಬುದು ಇಂದಿನ ವಿಷಯವಲ್ಲ.

ಇಂದಿನ ವಿಷಯ ಸಂಶಯ. ಸಂಶಯ ಎಷ್ಟು ಕೆಟ್ಟದ್ದು ಎಂಬುದಕ್ಕೆ ನಮ್ಮ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ. ಮುಂದಿನ ಸಾಲಿನಲ್ಲಿ, ಪಕ್ಕದ ಕುರ್ಚಿಗೆ ಕರಿ ಕಂಬಳಿ ಹೇರಿ ಕುಳಿತವಳು ನನ್ನ ಅಜ್ಜಿ, ಭೀಮವ್ವ ಆಯಿ. ನಮ್ಮ ಕುರಿಗಳ ಉಣ್ಣೆಯನ್ನು ಆಕೆಯೇ ನೂತು ನೇಯಿಸಿದ ಕಂಬಳಿ ಅದು. ಬೀರಪ್ಪನ ಗುಡಿಗೆ ಅದಿಲ್ಲದೆ ಹೋದವಳಲ್ಲ. ಬಾಗಿಲ ಹತ್ತಿರ ಕುಳಿತವರು ನಮ್ಮ ನೆರೆಮನೆಯ ಮದೀನಾಬೀ. ಮೂವತ್ತು ವರ್ಷ ಇವರಿಬ್ಬರೂ ಎಲ್ಲಿ ಹೋದರೂ ಜೊತೆಗೇ ಕುಳಿತವರು. ಒಂಬತ್ತು ದಿನಗಳಿಂದ ಮಾತಿಲ್ಲ. ಏಕೆ? ಕಂಬಳಿಯಲ್ಲಿ ಒಂದು ತೂತು ಕಂಡಿತು. ಅಂಗಳದಲ್ಲಿ ಮದೀನಾಬೀಯವರ ಆಡು ಚಾಂದನಿ ಮೆಲುಕು ಹಾಕುತ್ತಿತ್ತು.

"ಹುಲ್ಲು ಸಾಲಲಿಲ್ಲೇನಬೇ ನಿನ್ನ ಆಡಿಗಿ? ನನ್ನ ಬೀರಪ್ಪನ ಕಂಬಳೀನೇ ಬೇಕಾತೇನು?" ಎಂದಳು ಆಯಿ.

"ನನ್ನ ಚಾಂದನಿ ಉಪಾಸ ಸತ್ತಾತು, ಕಳವು ಮಾಡಂಗಿಲ್ಲ ಭೀಮವ್ವ! ಕಳ್ಳಿ ಅಂದಿ ಅಲ್ಲ? ಈ ಐತವಾರ ಬಿಟ್ಟು ಮುಂದಿನ ಐತವಾರ ಸಂತಿಗಿ ಹೊಡದು ಮಾರೇ ಬಿಡ್ತೀನಿ. ಆಮ್ಯಾಗ ತಣ್ಣಗಿರು!" ಎಂದರು ಮದೀನಾಬೀ. ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಆಡು ಅದು.

ನಾಳೆಯೇ ಐತವಾರ, ಸಭಿಕರೇ.

ಈಗ ನೀವೇ ಯೋಚಿಸಿ. ಆಡು ಕಚ್ಚಿದರೆ ಅಂಚು ಹರಿಯುತ್ತದೆ, ಎಳೆ ಜೋತಾಡುತ್ತದೆ. ಇದೋ, ಹುಣ್ಣಿಮೆಯ ಚಂದ್ರನಷ್ಟು ದುಂಡಗಿದೆ! ಯಾವ ಆಡು ತಾನೇ ಚಹಾಪುಡಿ ಡಬ್ಬಿಯ ಮುಚ್ಚಳ ಇಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದು, ಮೆತ್ತಗೆ ಕತ್ತರಿ ಆಡಿಸೀತು?

ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿರಿ. ಮುಚ್ಚಳ ಮತ್ತು ಸೀಮೆಸುಣ್ಣದ ವಿಷಯ ಆಡಿನ ಪರವಾದ ಈ ವಕೀಲನಿಗೆ ಹೇಗೆ ತಿಳಿಯಿತು ಎಂದು ತಾನೇ? ಉತ್ತಮ ಪ್ರಶ್ನೆ. ಅಧ್ಯಕ್ಷರೂ ಕನ್ನಡಕ ಏರಿಸಿಕೊಂಡಿದ್ದಾರೆ. ಕಾಂತೇಶಣ್ಣ ಮೊದಲ ಬಾರಿಗೆ ಗಾಬರಿಯಾಗಿದ್ದಾನೆ.

ಆಯಿ ಮಾತ್ರ ನಗುತ್ತಿಲ್ಲ. ಕಂಬಳಿಯ ತೂತಿಗೆ ಬೆರಳು ಹಾಕಿ ನನ್ನನ್ನೇ ನೋಡುತ್ತಿದ್ದಾಳೆ.

ಇಲ್ಲಿಗೆ ತಮಾಷೆ ಸಾಕು. ನಿಮ್ಮ ಕುರ್ಚಿಗೆ ಗೆಜ್ಜೆ ಕಟ್ಟಿದವನೂ ನಾನೇ ಸರ್. ಇದೋ, ಗಿಟಾರಿನ ತೂತಿನಿಂದ ನಿಮ್ಮೆಲ್ಲರೆದುರೇ ತೆಗೆಯುತ್ತಿದ್ದೇನೆ. ಅಂಗೈಯಗಲದ ಕರಿ ಕಂಬಳಿಯ ತುಂಡು. ಒಂಬತ್ತು ದಿನ ಆಡಿನ ತಲೆಗೆ ಕಟ್ಟಿ ಸುಮ್ಮನಿದ್ದೆ. ನಾಳೆ ಹೇಳಿದರಾಯಿತು ಎಂದುಕೊಂಡೇ ಸಂತೆಯ ಹಿಂದಿನ ದಿನಕ್ಕೆ ಬಂದು ನಿಂತಿದ್ದೇನೆ. ಆಯಿ, ಈ ತುಂಡನ್ನು ನಾನೇ ಕೂತು ಹೊಲಿಯುತ್ತೇನೆ. ಮದೀನಾಬೀ ಅಮ್ಮಾ, ಚಾಂದನಿ ಕಳ್ಳಿಯಲ್ಲ. ದಯವಿಟ್ಟು ಅದನ್ನು ಮಾರಬೇಡಿ.

ಮದೀನಾಬೀ ಎದ್ದಿದ್ದಾರೆ. ಬಾಗಿಲ ಕಡೆಗೋ, ಇತ್ತ ಕಡೆಗೋ, ನನಗೆ ತಿಳಿಯುತ್ತಿಲ್ಲ. ಆಯಿ ತಿರುಗಿ ನೋಡುತ್ತಿಲ್ಲ. ಆದರೆ ಪಕ್ಕದ ಕುರ್ಚಿಯ ಮೇಲಿದ್ದ ಕಂಬಳಿಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಕುರ್ಚಿ ಖಾಲಿಯಾಗಿದೆ.

ಇತ್ತ ಕಡೆಗೇ. ಕುಳಿತರು. ಇಬ್ಬರೂ ಈಗ ಒಟ್ಟಿಗೆ ನನ್ನನ್ನು ನೋಡುತ್ತಿದ್ದಾರೆ. ಮನೆಗೆ ಹೋದ ಮೇಲೆ ನನ್ನ ಗತಿಯೇನೆಂಬುದರಲ್ಲಿ ಯಾವ ಸಂಶಯವೂ ಇಲ್ಲ.

ಕಾಂತೇಶಣ್ಣಾ, ಆ ಡಬ್ಬಿಯನ್ನು ಅತ್ತ ತಿರುಗಿಸು, ಬೇಸು ಇಳಿಸು. ನೀನು ಮೊದಲೇ ಹೇಳಿದ್ದೆ, ಇಂದು ಕೇಳುತ್ತೇನೆ. ಅದಕ್ಕೂ ಗೂಂ ಎಂದರೆ, ಎನ್ನಲಿ. ನಿನಗೂ, ತಡೆಯದೆ ಕೇಳಿಸಿಕೊಂಡ ಅಧ್ಯಕ್ಷರಿಗೂ, ಸಭೆಗೆ ಬರಲಾಗದೆ ಅಂಗಳದಲ್ಲಿ ಕಟ್ಟಿಸಿಕೊಂಡಿರುವ ಚಾಂದನಿಗೂ ನಾನು ಋಣಿ. ಎಲ್ಲರಿಗೂ ತಲೆಬಾಗಿ, ಆ ಎರಡು ಕುರ್ಚಿಗಳಿಗೆ ಇನ್ನಷ್ಟು ಬಾಗಿ, ನಮಸ್ಕಾರ.