ಯಂಕಪ್ಪನವರು ಕೇಳುತ್ತಿದ್ದ ಎರಡು ನಿಮಿಷ

ಸಭೆಗೆ ಬಂದ ಹಿರಿಯರೆ, ಕಮಲಾಪುರದಿಂದ ಕೂಸುಗಳನ್ನು ಎತ್ತಿಕೊಂಡು ಬಂದ ತಾಯಂದಿರೆ, ಮುಂದಿನ ಸಾಲಿನಲ್ಲಿ ಕುಳಿತ ಸಾಬಮ್ಮನವರೆ — ನಿಮ್ಮ ಯಜಮಾನರು ನಮ್ಮವರೂ ಆಗಿದ್ದರು.

ಕಲಬುರಗಿಯ ನಮ್ಮ ಹೆರಿಗೆ ದವಾಖಾನೆಯ ಡ್ರೈವರ್ ಯಂಕಪ್ಪನವರು ತೀರಿಹೋಗಿ ಇಂದಿಗೆ ಒಂಬತ್ತು ದಿನ. ಹದಿನಾರು ವರ್ಷ ಒಂದೇ ಕಾರು ಓಡಿಸಿದರು. ನಾನು ಗುಮಾಸ್ತ, ಹದಿನಾರು ವರ್ಷ ಅದೇ ಕಾರಿನ ಮೇಲೆ ಪದ್ಯ ಕಟ್ಟಿದೆ. ಕಾರು ಯಾರಿಂದ ಉಳಿಯಿತು — ನಿಮಗೇ ಗೊತ್ತು.

ಒಮ್ಮೆ ಶೆಡ್ಡಿನ ಗೋಡೆಗೆ ಬರೆದೆ: "ನೀರು ನೋಡು, ಎಣ್ಣೆ ನೋಡು, ಆಮೇಲೆ ಗಾಡಿ ಓಡಿಸಿ ನೋಡು." ಯಂಕಪ್ಪನವರು ನನ್ನಿಂದಲೇ ಓದಿಸಿ ಕೇಳಿದರು.

"ಚೊಲೊ ಅದ ರೀ. ಗಾಲಿ ಗಾಳಿ ಯಾರ್ ನೋಡ್ಬೇಕ್ರಿ?"

ಪ್ರಾಸಕ್ಕೆ ಹೊಂದಲಿಲ್ಲಪ್ಪ, ಎಂದೆ.

"ಹಂಗಾರ ಪಂಕ್ಚರ್ ಆದಾಗ ಪ್ರಾಸಾನೇ ಹಾಕ್ತೀನಿ ಬಿಡ್ರಿ."

ದಸರೆಯಲ್ಲಿ ಗಾಡಿಗೆ ಖಂಡೆಪೂಜೆ ಮಾಡುವ ದಿನ ನಾನು ಭಕ್ತಿಯಿಂದ — ಹೀಗೆ, ಎರಡೂ ಕೈಯಲ್ಲಿ ಹಿಡಿದು — ತೆಂಗಿನಕಾಯಿ ನೀರನ್ನು ರೇಡಿಯೇಟರಿಗೇ ಸುರಿದೆ. ಯಂಕಪ್ಪನವರು ಮೂರು ಸಲ ಅದನ್ನು ತೊಳೆದರು. ಆಮೇಲೆ ಇಷ್ಟೇ: "ಭಕ್ತಿ ಬಾನೆಟ್ಟಿನ ಮ್ಯಾಲ ಇರ್ಲಿ ರೀ, ಒಳಗ ಬ್ಯಾಡ."

ಪೊಲೀಸ್ ಆ್ಯಕ್ಷನ್ನಿನ ಗಲಭೆಯ ದಿನಗಳು ನೆನಪಿವೆಯಲ್ಲ? ಯಾರ ಕೈಗೂ ಸಿಗಬಾರದೆಂದು ಯಂಕಪ್ಪನವರು ಕಾರನ್ನು ಮಹಾಗಾಂವದಲ್ಲಿ ತೊಗರಿ ಕಟ್ಟಿಗೆಯ ಮರೆಯಲ್ಲಿ ಇಟ್ಟರು. ಇಟ್ಟು ಸುಮ್ಮನಿರಲಿಲ್ಲ — ಜಂಗು ಹಿಡಿಯದಿರಲೆಂದು ದಿನಾ ಹೋಗಿ, ಹ್ಯಾಂಡಲ್ ಹಾಕಿ ಇಂಜಿನ್ ತಿರುಗಿಸಿ ಬರುತ್ತಿದ್ದರು. ಊರು ತಣ್ಣಗಾದ ಮೊದಲ ಬೆಳಿಗ್ಗೆಯೇ ಕಮಲಾಪುರದಿಂದ ಕರೆ ಬಂತು. ಶೇವಂತಾಬಾಯಿಗೆ ಹೆರಿಗೆ ನೋವು. ಇಬ್ಬರೂ ಮಹಾಗಾಂವಕ್ಕೆ ಹೋಗಿ ಕಟ್ಟಿಗೆ ಸರಿಸಿದೆವು. ಒಂದೇ ತಿರುವಿಗೆ ಇಂಜಿನ್ ಚಾಲೂ! ನಡೀರಿ, ನಡೀರಿ ಎಂದು ಕೂಗಿದೆ. ಯಂಕಪ್ಪನವರು ಕದಲಲಿಲ್ಲ.

"ಎಲ್ಡು ನಿಮಿಷ ತಡೀರಿ ಸಾಹೇಬ್ರ, ಎಣ್ಣಿ ಮ್ಯಾಲ ಏರ್ಲಿ. ನಡುದಾರ್ಯಾಗ ನಿಂತ್ರ ಆಕಿ ಗತಿ ಏನ್ರಿ?"

ಬೈದೆ. ಅಂದಿನಿಂದ ದಿನಾ ಬೆಳಿಗ್ಗೆ ಅದೇ ಎರಡು ನಿಮಿಷ ಕೇಳಿದರು, ದಿನಾ ಬೈದೆ. ಅಗೋ, ಶೇವಂತಾಬಾಯಿಯ ಮಗ್ಗುಲಲ್ಲಿ ಕುಳಿತಿದ್ದಾಳೆ ಅಂದು ಹುಟ್ಟಿದ ಮಗಳು — ಏಳು ವರ್ಷ.

ಶುಕ್ರವಾರ ದವಾಖಾನೆಯ ಸಮಿತಿ ಕೂಡುತ್ತದೆ. ಡ್ರೈವರೇ ಹೋದ ಮೇಲೆ ಹಳೇ ಕಾರು ಯಾಕೆ, ಮಾರಿಬಿಡೋಣ ಎನ್ನುವವರು ಇಲ್ಲಿಯೇ ಇದ್ದಾರೆ. ಅವರಿಗೆ ಕೈಮುಗಿದು ಹೇಳುತ್ತೇನೆ — ಬಿಡುವುದಿಲ್ಲ. ರೋಜಾ ಓಣಿಯ ಗಾಡಿ ರಿಪೇರಿಯ ಶಬ್ಬೀರ್ ಮಿಸ್ತ್ರಿ ಓಡಿಸಲು ಒಪ್ಪಿದ್ದಾರೆ. ನೀರು ನಾನು ನೋಡುತ್ತೇನೆ, ಎಣ್ಣೆ ನಾನು ನೋಡುತ್ತೇನೆ — ಪ್ರಾಸ ಕೆಟ್ಟರೂ ಸರಿ, ಗಾಲಿಯ ಗಾಳಿಯನ್ನೂ. ಇಂದು ಬೆಳಿಗ್ಗೆ ಸಾಬಮ್ಮನವರು ಹ್ಯಾಂಡಲ್ ತಂದು ನನ್ನ ಕೈಗಿಟ್ಟರು: "ಇದು ಮನ್ಯಾಗ ಇದ್ದು ಏನ್ ಮಾಡದ್ರಿ? ತಿರುಗಸ್ರಿ."

ನಾಳೆ ಕಮಲಾಪುರಕ್ಕೆ ಹೋಗಬೇಕು. ಅದಕ್ಕೂ ಮೊದಲು — ಎಲ್ಲರೂ ಏಳಿರಿ. ಯಂಕಪ್ಪನವರು ದಿನಾ ಬೆಳಿಗ್ಗೆ ನನ್ನಲ್ಲಿ ಕೇಳಿದ್ದು ಎರಡೇ ನಿಮಿಷ. ಒಮ್ಮೆಯೂ ನಾನು ಸುಮ್ಮನೆ ನಿಂತು ಕೊಡಲಿಲ್ಲ.

ಈಗ ಕೊಡೋಣ.