ಕಿತ್ತುಹಾಕಬೇಕಾದ ಅಧ್ಯಾಯ

“ಅಂಚೆಯಲ್ಲಿ ಓದಿ ಡಾಕ್ಟರೇಟ್ ಮಾಡ್ತಾನಂತೆ ನಮ್ಮ ಗುಮಾಸ್ತ. ಕಾಲೇಜು ಮುನ್ನಡೆಸೋದು ಹೇಗೆ ಅಂತ ನಮಗೇ ಹೇಳ್ಕೊಡ್ತಾನೆ,” ಎಂದು ಪ್ರಿನ್ಸಿಪಾಲರು ಪ್ರವೇಶದ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹಂಗಿಸಿದರು.

ತಂಗಿಯ ಅರ್ಜಿ ಹಿಡಿದು ನಿಂತಿದ್ದ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ವೆಲ್ಡರನಿಗೆ ಮೈಯೆಲ್ಲ ಉರಿಯಿತು.

“ಇವತ್ತೇ ಕೊನೇ ದಿನ ಸರ್. ನಿಮ್ಮ ಸಹಿ ಇಲ್ದೆ ಯೂನಿವರ್ಸಿಟಿಯವರು ಪ್ರಬಂಧ ತಗೊಳಲ್ಲ. ಆರು ವರ್ಷ ಬರೆದಿದ್ದೀನಿ,” ಎಂದ ಗುಮಾಸ್ತ.

“ಗುಮಾಸ್ತರು ಬರೆದ ವರದಿಗೆ ಪ್ರಿನ್ಸಿಪಾಲರು ಹೆಸರು ಹಾಕ್ಕೋತಾರೆ ಅಂತ ತಾನೇ ಬರೆದಿರೋದು? ಆ ಅಧ್ಯಾಯ ಕಿತ್ತುಹಾಕು.”

“ನಿಮ್ಮ ಹೆಸರೆಲ್ಲೂ ಇಲ್ಲ ಸರ್.”

“ಓದಿದವರು ನಾನೇ ಅಂದ್ಕೋತಾರೆ.”

“ಯಾಕೆ ಸರ್?”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಕಿತ್ತುಹಾಕಿದ್ರೆ ಸಹಿ. ಏನಂತೀಯ?”

ತಾನಾಗಿದ್ದರೆ ಆ ಮೇಜನ್ನೇ ಮಗುಚುತ್ತಿದ್ದೆ ಎಂದು ವೆಲ್ಡರ್ ಹಲ್ಲು ಕಡಿಯುತ್ತಿದ್ದಂತೆ, ಗುಮಾಸ್ತ ಸಹಿಯಾಗದ ಹಾಳೆಯನ್ನು ಎತ್ತಿಕೊಂಡು ಮೆಟ್ಟಿಲಿಳಿದು ಹೋದ.