ಫೋಕಸ್ಸಿಗೆ ನಿಂತವಳು

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಕರೆಂಟು ಹೋಗಿತ್ತು. ಫೋನುಗಳ ಚಾರ್ಜೂ ಮುಗಿದಾಗ ಮಕ್ಕಳು ಬೇರೆ ದಾರಿ ಕಾಣದೆ ದೊಡ್ಡಜ್ಜಿಯ ಮಂಚದ ಸುತ್ತ ಬಂದು ಕೂತರು. ದೊಡ್ಡಜ್ಜಿ ಅಂದರೆ ಅವರ ಅಜ್ಜನ ಅಕ್ಕ. ವಯಸ್ಸಿಗೆ ಬೆನ್ನು ಬಾಗಿತ್ತೇ ಹೊರತು ನಾಲಿಗೆ ಬಾಗಿರಲಿಲ್ಲ. “ದೆವ್ವದ ಕತೆ ಹೇಳಜ್ಜಿ” ಎಂದು ಹಿರಿಯವಳು ಗೋಗರೆದಳು. ಮುದುಕಿ ಕಂಬಳಿ ಹೊದ್ದುಕೊಂಡು, ಎಲ್ಲರನ್ನೂ ಒಂದು ಸುತ್ತು ಗದರಿಸಿಯೇ ಶುರುಮಾಡಿದಳು.

“ಫೋನಿನ ಜೀವ ಹೋದ್ಮೇಲೆ ನಾನು ನೆನಪಾದ್ನಾ? ಇರಲಿ, ಕೇಳಿ. ನಿಮ್ಮಜ್ಜ ಫೋಟೋಗ್ರಾಫರ್ ಅಂತ ಗೊತ್ತಲ್ಲ. ಯಾರ ಮನೆ ಮದುವೆ, ಯಾರ ಮಗುವಿನ ಹುಟ್ಟುಹಬ್ಬ, ಯಾವ ಸಂಘದ ಸಭೆ... ಅವನಿಲ್ಲದೆ ಒಂದೂ ನಡೀತಿರ್ಲಿಲ್ಲ. ಆದ್ರೆ ಸಂಭ್ರಮ ಅಂದ್ರೆ ಅವನಿಗೆ ಮೈಯೆಲ್ಲ ಉರಿ. ‘ಅಕ್ಕಾ, ಈ ಜನ ನಗಿ ಅಂದ್ರೆ ಹಲ್ಲು ಕಿರೀತಾರೆ, ಹಲ್ಲು ಬೇಡ ಅಂದ್ರೆ ಸಾವಿನ ಮನೆಗೆ ಬಂದ ಹಾಗೆ ನಿಲ್ತಾರೆ. ಕೆರೆ, ಮರ, ಹಕ್ಕಿ ಎಷ್ಟೋ ವಾಸಿ. ಚಿಕ್ಕಪ್ಪನ ಪಕ್ಕ ನಾನು ನಿಲ್ಲಲ್ಲ ಅಂತ ಯಾವ ಮರ ಜಗಳ ಆಡತ್ತೆ ಹೇಳು’ ಅಂತ ಗೊಣಗೋನು. ಸರಿ, ಆದ್ರೆ ಹಕ್ಕಿ ಫೋಟೋಗೆ ದುಡ್ಡು ಕೊಡೋರ್ಯಾರು?

ಆಗ ರೀಲಿನ ಕಾಲ. ಚಿತ್ರ ಹೇಗೆ ಬಂತು ಅನ್ನೋದು ತೊಳೆದ ಮೇಲೇ ಗೊತ್ತಾಗೋದು. ಅದಕ್ಕೆ ಅವನದ್ದೊಂದು ಪದ್ಧತಿ. ಮದುಮಕ್ಕಳನ್ನ ಕರೆಯೋ ಮುಂಚೆ ನಿಮ್ಮಜ್ಜೀನ ಅವರು ನಿಲ್ಲೋ ಜಾಗದಲ್ಲಿ ನಿಲ್ಲಿಸಿ, ಬೆಳಕು ನೋಡಿ, ಫೋಕಸ್ ಕೂರಿಸಿ, ಆಮೇಲೆ ಕೈ ಬೀಸಿ ‘ಆಯ್ತು, ಆಚೆ ಬಾ’ ಅನ್ನೋನು. ಅವಳು ಸರಿಯೋಳು, ಮದುಮಗಳು ನಿಲ್ಲೋಳು, ಕ್ಲಿಕ್! ಕೆರೆ ದಂಡೇಲಿ ಮಂಜಿನ ಫೋಟೋ ಹಿಡಿಯೋಕೆ ಹೋದ್ರೂ ಅಷ್ಟೇ. ಅವನು ಆಚೆ ಬಾ ಅನ್ನೋವರೆಗೂ ಸೊಳ್ಳೆ ಕಚ್ಚಿದ್ರೂ ಅಲ್ಲಾಡ್ತಿರ್ಲಿಲ್ಲ, ಪುಣ್ಯಾತಗಿತ್ತಿ.

ಒಂದು ಜ್ವರ ಬಂತು, ಹೋಗೇಬಿಟ್ಲು. ನಿಮ್ಮಮ್ಮ ಇನ್ನೂ ಹೈಸ್ಕೂಲು. ಗೋಡೆಗೆ ಹಾಕೋಕೆ ಫೋಟೋ ಹುಡುಕಿದ್ರೆ... ಒಂದೂ ಇಲ್ಲ! ಅವರ ಮದುವೇದಾದ್ರೂ ಇರಬೇಕಲ್ಲ ಅಂತೀರಾ? ಅವತ್ತು ಕ್ಯಾಮೆರಾ ಬೇರೆಯವರ ಕೈಗೆ ಕೊಡೋಕೆ ಇವನು ಒಪ್ಪಿದ್ರೆ ತಾನೆ! ಊರವರ ಮುಖ ಎಲ್ಲ ಪೆಟ್ಟಿಗೇಲಿದೆ, ಕಟ್ಕೊಂಡ ಹೆಂಡ್ತಿದು ಇಲ್ಲ. ದೀಪದ ಬುಡದಲ್ಲೇ ಕತ್ತಲೆ. ನನಗೆ ಎಂಥ ಸಿಟ್ಟು ಬಂತು ಅಂದ್ರೆ, ದುಃಖದಲ್ಲಿದ್ದಾನೆ ಅಂತಾನೂ ನೋಡದೆ ಬೈದುಬಿಟ್ಟೆ.

ಆಮೇಲೆ ಶುರುವಾಯ್ತು ನೋಡಿ. ಮುಂದಿನ ಮದುವೆ ಫೋಟೋದಲ್ಲಿ ಜನ ಎಲ್ಲ ಮಸುಕು. ಲೆನ್ಸ್ ಒರೆಸಿದ... ಮಸುಕು. ರಿಪೇರಿಯವನು ಬಿಚ್ಚಿ ನೋಡಿ ‘ಕ್ಯಾಮೆರಾ ಗಟ್ಟಿ ಇದೆ, ನಿಮ್ಮ ಕಣ್ಣು ತೋರಿಸ್ಕೊಳ್ಳಿ’ ಅಂದ. ಕಣ್ಣಿನ ಡಾಕ್ಟರು ಕಣ್ಣೂ ಗಟ್ಟಿ ಇದೆ ಅಂದ್ರು. ಹೊಸ ಕ್ಯಾಮೆರಾ ತಂದ... ಅದೇ ರಾಗ, ಅದೇ ಹಾಡು. ಜನ ಅಂಗಡಿಗೆ ಬಂದು ಫೋಟೋನ ಮುಖದ ಮೇಲೆ ಎಸೆದು ಹೋಗೋರು, ಇವನು ಫೋಟೋ ತೊಳೆಯೋ ಕತ್ತಲೆಕೋಣೆಯಲ್ಲಿ ಟ್ರೇ ಎತ್ತಿ ಗೋಡೆಗೆ ಅಪ್ಪಳಿಸೋನು. ಪಾಸ್‌ಪೋರ್ಟ್ ಫೋಟೋ ಮಾತ್ರ ಸರಿಯಾಗಿ ಬರೋದು. ಅದಕ್ಕೆ ಅವಳನ್ನ ಯಾವತ್ತೂ ನಿಲ್ಲಿಸಿರ್ಲಿಲ್ಲ ನೋಡಿ! ಅದರಲ್ಲೇ ಹೊಟ್ಟೆ ಹೊರೀತಿದ್ದ.

ಒಂದಿನ ನಾನೇ ಭೂತಗನ್ನಡಿ ಹಿಡಿದು ನೋಡಿದೆ. ಇಡೀ ಫೋಟೋ ಮಸುಕಲ್ಲ, ಮಕ್ಕಳೇ. ಮದುಮಗಳಿಗಿಂತ ಸ್ವಲ್ಪ ಈಚೆ, ಯಾರೂ ಇಲ್ಲದ ಜಾಗ... ಅಲ್ಲಿನ ಹುಲ್ಲು ಮಾತ್ರ ಎಳೆ ಎಳೆಯಾಗಿ ಕಾಣ್ತಿತ್ತು. ಎರಡು ಪಾದದಷ್ಟು ಜಾಗದಲ್ಲಿ ಆ ಹುಲ್ಲು ಮಲಗಿತ್ತು. ತೋರಿಸಿದ್ರೆ ನಂಬಿದ್ನಾ? ‘ನಿನಗೆ ಅರಳು ಮರಳು’ ಅಂದ.

ನಿಮ್ಮಮ್ಮನ ಮದುವೆ ಬಂತು. ‘ಅಪ್ಪಾ, ಬೇರೆಯವರನ್ನ ಕರೆಸೋಣ’ ಅಂದ್ಲು ಪಾಪ, ಮೆತ್ತಗೆ. ‘ನನ್ನ ಮಗಳ ಮದುವೆ ಫೋಟೋ ತೆಗೆಯೋ ಯೋಗ್ಯತೆನೂ ನನಗಿಲ್ವಾ? ಇದೂ ಕೆಟ್ಟರೆ ಇನ್ನು ಕ್ಯಾಮೆರಾ ಮುಟ್ಟಲ್ಲ’ ಅಂತ ಹಾರಾಡಿದ. ಛತ್ರದ ಹೊರಗೆ ಹುಲ್ಲಿನ ಮೇಲೆ ಎಲ್ಲರೂ ನಿಂತ್ರು. ಕ್ಯಾಮೆರಾಗೆ ಕಣ್ಣಿಟ್ಟವನು ಹಾಗೇ ನಿಂತುಬಿಟ್ಟ... ನಾನು ತೋರಿಸಿದ್ದ ಆ ಮಲಗಿದ ಹುಲ್ಲು ಅವನ ಕಣ್ಣಿಗೂ ಬಿತ್ತೇನೋ. ಜನ ಗುಸುಗುಸು ಅಂತಿದ್ದಾರೆ. ಆಮೇಲೆ ತಲೆ ಎತ್ತಿ, ಯಾರೂ ಇಲ್ಲದ ಕಡೆ ನೋಡಿ, ಅಷ್ಟು ಜನರ ಮುಂದೆ ಕೂಗಿದ: ‘ಇನ್ನೂ ಎಷ್ಟು ಕಾಡ್ತೀಯೇ? ಹೋಗು, ಮಗಳ ಪಕ್ಕ ನಿಲ್ಲು. ಅಲ್ಲೇ ನಿಂತಿರು!’

ಬೀಗರು ಮುಖ ಮುಖ ನೋಡ್ಕೊಂಡ್ರು. ನಿಮ್ಮಮ್ಮ ಮಾತ್ರ ಏನೂ ಕೇಳದೆ ಒಂದಿಷ್ಟು ಸರಿದು ಜಾಗ ಬಿಟ್ಲು. ಕ್ಲಿಕ್.

ಕತ್ತಲೆಕೋಣೆಯ ಕೆಂಪು ದೀಪದಲ್ಲಿ ನಾನೂ ಇದ್ದೆ. ಕಾಗದದ ಮೇಲೆ ಮೊದಲು ನಿಮ್ಮಮ್ಮ ಮೂಡಿದ್ಲು, ರೆಪ್ಪೆಗೂದಲು ಕೂಡ ಕಾಣೋಹಾಗೆ. ಆಮೇಲೆ ನಿಮ್ಮಪ್ಪ. ಆಮೇಲೆ... ಅವಳು. ನಿಮ್ಮಜ್ಜ ಅಲ್ಲೇ ಕುಸಿದು ಕೂತು ಮಗು ಥರ ಅತ್ತ.”

“ಆ ಫೋಟೋ ಎಲ್ಲಿದೆಯಜ್ಜಿ?” ಕಿರಿಯವನ ದನಿ ಸಣ್ಣದಾಗಿತ್ತು.

“ನಿನ್ನ ತಲೆ ಮೇಲೇ, ಗೋಡೇಲಿ! ಹುಟ್ಟಿದಾಗಿಂದ ನೋಡ್ತಿದ್ದೀರಿ, ಅಮ್ಮನ ಪಕ್ಕ ಅಜ್ಜಿ ಅಂತ. ಅಮ್ಮ ಹೈಸ್ಕೂಲಲ್ಲಿದ್ದಾಗಲೇ ಸತ್ತ ಅಜ್ಜಿ ಅವಳ ಮದುವೇಲಿ ಹೇಗೆ ನಿಂತ್ಲು ಅಂತ ಒಬ್ಬರಾದ್ರೂ ಕೇಳಿದ್ರಾ?”

ಯಾರೂ ತಲೆ ಎತ್ತಿ ನೋಡಲಿಲ್ಲ. ಮಕ್ಕಳು ಒಬ್ಬರಿಗೊಬ್ಬರು ಒತ್ತಿಕೊಂಡರು.

“ಅಲ್ಲಿಗೇ ಮುಗಿದಿದ್ರೆ ಚೆನ್ನಾಗಿತ್ತು. ಆದ್ರೆ ನಿಮ್ಮಜ್ಜ ನಿಂತಿರು ಅಂದ, ಆಚೆ ಬಾ ಅನ್ನಲೇ ಇಲ್ಲ. ಮನಸ್ಸು ಬರಲಿಲ್ವೇನೋ. ಈಗ ಅವನೂ ಇಲ್ಲ. ಸಾಕು ಬಾರೇ, ಅಂತ ನಾನು ಎಷ್ಟು ಸಲ ಕರೆದೆ... ಬದುಕಿದ್ದಾಗ ಕೇಳದ ನನ್ನ ಮಾತನ್ನ ಈಗ ಕೇಳ್ತಾಳಾ? ಮಗಳ ಪಕ್ಕ ನಿಲ್ಲು ಅಂದಿದ್ದಾನೆ, ನಿಂತಿದ್ದಾಳೆ. ನಿಮ್ಮಮ್ಮ ಅಷ್ಟು ದೊಡ್ಡ ಮಂಚದಲ್ಲಿ ಅಂಚಿಗೇ ಮಲಗ್ತಾಳೆ, ಬಸ್ಸಲ್ಲಿ ಸೀಟಿನ ತುದೀಲೇ ಕೂರ್ತಾಳೆ... ಯಾಕೆ ಅಂದ್ಕೊಂಡಿದ್ರಿ? ಹೂಂ, ಏಳಿ, ಊಟಕ್ಕೆ ಕರೀತಿದ್ದಾಳೆ. ಅವಳ ಪಕ್ಕ ನಾನು ಕೂರ್ತೀನಿ, ತಾನು ಕೂರ್ತೀನಿ ಅಂತ ಕಿತ್ತಾಡ್ಬೇಡಿ. ಆ ಜಾಗ ಖಾಲಿ ಇಲ್ಲ.”